ಎಣ್ಣೆ ಮಿಲ್ಲಿಗೆ ಮೂರು ವರ್ಷದ ದಾರಿ ಗೊತ್ತುಮಾಡಿದ್ದು

ತೆಂಗಿನೆಣ್ಣೆ ಮಿಲ್ಲು ನಡೆಸುವವರಿಗೆ 2025 ವಿಚಿತ್ರ ವರ್ಷ. ಚಿಲ್ಲರೆ ಅಂಗಡಿಯಲ್ಲಿ ಲೀಟರಿಗೆ 400 ರೂಪಾಯಿ ದಾಟಿತು. ಹಿಂದಿನ ವರ್ಷ ಆಡಿಸಿದಷ್ಟೇ ಕೊಬ್ಬರಿ ಆಡಿಸಿದವರ ಪುಸ್ತಕದಲ್ಲೂ ವಹಿವಾಟು ಉಬ್ಬಿ ಕಂಡಿತು. ಬ್ಯಾಂಕಿನವರು ಸಾಲದ ಲಿಮಿಟ್ ಏರಿಸೋಣವೇ ಎಂದರು, ಮೆಷಿನು ಮಾರುವವರು ಕ್ಯಾಟಲಾಗು ಹಿಡಿದು ಬಂದರು. ಕೈಯಲ್ಲಿ ಮಾತ್ರ ದುಡ್ಡು ಓಡಾಡಲಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಮಿಲ್ಲಿನಲ್ಲಿ ಕೊಬ್ಬರಿ ಹಿಂಡುವ ಎರಡು ಎಕ್ಸ್‌ಪೆಲ್ಲರ್, ಎಣ್ಣೆ ಸೋಸುವ ಒಂದು ಫಿಲ್ಟರ್ ಪ್ರೆಸ್, ಮೂವರು ಪಾಲುದಾರರು. ಮುಂದಿನ ಮೂರು ವರ್ಷ ಯಾವ ಕಡೆ ಬೆಳೆಯುವುದು, ಯಾವುದನ್ನು ಬಿಡುವುದು ಎಂದು ಕೂತು ತೀರ್ಮಾನಿಸಿದ್ದು ಈ ಹೊತ್ತಿನಲ್ಲಿ. ಅದು ನಡೆದ ಕ್ರಮ ಇಲ್ಲಿದೆ. ಉದಾಹರಣೆಗೆ ಕೊಟ್ಟ ದರಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ದುಂಡಗೆ ಮಾಡಿದ್ದೇವೆ. ಓದುವವರು ತಮ್ಮ ಊರಿನ ಆ ದಿನದ ದರ ಹಾಕಿಕೊಳ್ಳಬೇಕು.

ರೂಪಾಯಿಯನ್ನು ಬದಿಗಿಟ್ಟು ಕಿಲೋ ಹಿಡಿದದ್ದು

ಕಚ್ಚಾಮಾಲಿನ ಬೆಲೆಯೇ ಮುಕ್ಕಾಲು ಪಾಲಿಗಿಂತ ಹೆಚ್ಚಿರುವ ಯಾವ ಉದ್ಯಮಕ್ಕೂ ವಹಿವಾಟಿನ ಮೊತ್ತ ಬೆಳವಣಿಗೆಯ ಅಳತೆಯಾಗದು. ಎಣ್ಣೆ, ಗೋಡಂಬಿ, ಕಾಳುಮೆಣಸು, ಚಿನ್ನ ಎಲ್ಲಕ್ಕೂ ಇದೇ ಮಾತು. ಹಾಗಾಗಿ ಮೊದಲ ಕೆಲಸ ಎರಡು ವರ್ಷದ ಬಿಲ್ ಪುಸ್ತಕ ತೆರೆದು ಪ್ರತಿ ತಿಂಗಳಿಗೆ ಮೂರೇ ಅಂಕಿ ಬರೆಯುವುದಾಗಿತ್ತು: ಎಷ್ಟು ಕಿಲೋ ಕೊಬ್ಬರಿ ಒಳಗೆ ಬಂತು, ಎಷ್ಟು ಕಿಲೋ ಎಣ್ಣೆ ಹೊರಗೆ ಹೋಯಿತು, ಎಷ್ಟು ಕಿಲೋ ಹಿಂಡಿ ಹೋಯಿತು. ಲೀಟರಿನಲ್ಲಿ ಮಾರಿದ್ದನ್ನು ಕಿಲೋಗೆ ತಿರುಗಿಸಲು 0.91ರಿಂದ ಗುಣಿಸಿದರೆ ಸಾಕು.

ಮೊದಲೇ ಎಚ್ಚರಿಸಬೇಕಾದ ಒಂದು ವಿಷಯವಿದೆ. ಬಂದ ಕೊಬ್ಬರಿಯ ತೂಕಕ್ಕೂ ಎಣ್ಣೆ, ಹಿಂಡಿಗಳ ಒಟ್ಟು ತೂಕಕ್ಕೂ ನಡುವೆ 3 ಶೇಕಡಾದಷ್ಟು ವ್ಯತ್ಯಾಸ ಸಹಜ. ತೇವ ಆವಿಯಾಗುತ್ತದೆ, ತಳದ ಮಡ್ಡಿ ಉಳಿಯುತ್ತದೆ. ಅದು 5ಕ್ಕೆ ಹೋಗಿದ್ದರೆ ತೂಕದ ಯಂತ್ರ ಸರಿಯಿಲ್ಲ, ಅಥವಾ ಒದ್ದೆ ಕೊಬ್ಬರಿ ಬಂದಿದೆ, ಅಥವಾ ಬಿಲ್ಲಿಲ್ಲದೆ ಮಾಲು ಹೊರಗೆ ಹೋಗಿದೆ. ಈ ಮೂರರಲ್ಲಿ ಯಾವುದೆಂದು ತಿಳಿಯದೆ ಮುಂದಿನ ಲೆಕ್ಕಕ್ಕೆ ಕೈಹಾಕಿ ಪ್ರಯೋಜನವಿಲ್ಲ.

ಇನ್ನು ಒಂದು ಕಿಲೋ ಎಣ್ಣೆಯ ಅಸಲು. ಒಳ್ಳೆ ಕೊಬ್ಬರಿ 100 ಕಿಲೋಗೆ 62 ಕಿಲೋ ಎಣ್ಣೆ, 35 ಕಿಲೋ ಹಿಂಡಿ ಎಂದಿಟ್ಟುಕೊಳ್ಳಿ. ಕೊಬ್ಬರಿ ಕಿಲೋಗೆ 200, ಹಿಂಡಿ 30. 20,000ದಲ್ಲಿ ಹಿಂಡಿಯ 1,050 ಕಳೆದು 62ರಿಂದ ಭಾಗಿಸಿದರೆ ಸುಮಾರು 306 ರೂಪಾಯಿ. ಕರೆಂಟು, ಕೂಲಿ, ಸೋಸುವ ಬಟ್ಟೆ, ಸವಕಳಿ ಸೇರಿ ಕಿಲೋ ಎಣ್ಣೆಗೆ 8 ರೂಪಾಯಿ. ಅಲ್ಲಿಗೆ 314. ಇದರಲ್ಲಿ ನಮ್ಮ ದುಡಿಮೆಯ ಪಾಲು ಬರೀ 8. ಉಳಿದದ್ದೆಲ್ಲ ಮಾರುಕಟ್ಟೆಯ ಕೈಯಲ್ಲಿ.

ಎಕ್ಸ್‌ಪೆಲ್ಲರ್ ನಡೆಸುವವರನ್ನು ಈ ಲೆಕ್ಕಕ್ಕೆ ಕೂರಿಸಿಕೊಳ್ಳಬೇಕು. ಆಡಿಟರಿಗಿಂತ ಮುಖ್ಯವಾದ ಮಾತು ಅವರ ಬಾಯಿಂದ ಬರುತ್ತದೆ. ನಮ್ಮಲ್ಲಿ ಬಂದದ್ದು: "ಅಣ್ಣಾ, ನೀವು ಮಾರುವ ರೇಟಿನ ಲೆಕ್ಕ ಮಾಡ್ತೀರಿ. ಒದ್ದೆ ಕೊಬ್ಬರಿ ಹಾಕಿದ ದಿನ ಹಿಂಡಿ ಪುಡಿಪುಡಿಯಾಗಿ, ಮೆತ್ತಗೆ ಬೀಳ್ತದೆ. ಎಣ್ಣೆಯೆಲ್ಲ ಅದರಲ್ಲೇ ಹೋಗ್ತದೆ ಮಾರಾಯ್ರೆ."

ಅದನ್ನೂ ಅಂಕಿಗೆ ಇಳಿಸಿದೆವು. ಆಡಿಸುವ ಕೊಬ್ಬರಿಯಲ್ಲಿ ತೇವ 6 ಶೇಕಡಾ ಇರಬೇಕು. 9 ಇದ್ದರೆ ಒಣ ಅಂಶವೇ ಕಡಿಮೆಯಾಗಿ 62 ಕಿಲೋ ಬರಬೇಕಾದ ಕಡೆ 60 ಬರುತ್ತದೆ. ಅಸಲು 306ರಿಂದ 316ಕ್ಕೆ ಏರುತ್ತದೆ, ಕಿಲೋಗೆ 10 ರೂಪಾಯಿ ನಷ್ಟ. ಅದರ ಮೇಲೆ ಹಿಂಡಿಯಲ್ಲಿ ಉಳಿಯುವ ಎಣ್ಣೆ ಬೇರೆ. ಹಿಂಡಿಯಲ್ಲಿ ಒಂದು ಶೇಕಡಾ ಎಣ್ಣೆ ಹೆಚ್ಚು ಉಳಿದರೆ 100 ಕಿಲೋ ಕೊಬ್ಬರಿಗೆ 350 ಗ್ರಾಂ, ಅಂದರೆ 100 ರೂಪಾಯಿಯ ಮೇಲೆ. ಸಗಟು ವ್ಯಾಪಾರಿಯ ಹತ್ತಿರ ಕಿಲೋಗೆ ಒಂದು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ನಾವು, ಕೊಬ್ಬರಿ ಇಳಿಸುವ ಕಟ್ಟೆಯಲ್ಲಿ ಹತ್ತು ರೂಪಾಯಿ ಬಿಡುತ್ತೇವೆ ಎಂಬುದು ಕಾಗದದ ಮೇಲೆ ಬಂದಾಗ ಯೋಜನೆಯ ಮೊದಲ ಸಾಲು ತಾನಾಗಿ ಬರೆದುಕೊಂಡಿತು: ಖರೀದಿ ತೇವ ನೋಡಿಯೇ.

ಅದರ ಕ್ರಮ ಹೀಗಿದೆ. ಗೋಣಿಯ ಮೇಲಿನಿಂದ ತೆಗೆದ ತುಂಡು ನಂಬಬಾರದು, ಒಣಗಿದ್ದು ಯಾವಾಗಲೂ ಮೇಲೆಯೇ ಇರುತ್ತದೆ. ಪ್ರತಿ ಗೋಣಿಯ ನಡುವಿನಿಂದ ಎರಡು ತುಂಡು. ಮುರಿದಾಗ ಟಪ್ಪೆಂದು ಸದ್ದಾಗಿ ಮುರಿದರೆ ಸರಿ, ಬಾಗಿದರೆ ತೇವ ಇದೆ. ಬಳಿಕ ತುರಿದು 10 ಗ್ರಾಂ ತೂಗಿ 105 ಡಿಗ್ರಿಯ ಓವನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗುವುದು. ಕೈಯಲ್ಲಿ ಹಿಡಿಯುವ ತೇವಮಾಪಕ ಬೇಗ ಕೆಲಸ ಮಾಡುತ್ತದೆ. ಆದರೆ ಓವನಿನ ಅಂಕಿಯೊಂದಿಗೆ ಆಗಾಗ ತಾಳೆ ನೋಡದಿದ್ದರೆ ಮಳೆಗಾಲದಲ್ಲಿ ತಪ್ಪು ಹೇಳುತ್ತದೆ. ಮೇಲಿನ ಲೆಕ್ಕದಿಂದಲೇ ಕಡಿತದ ದರ ಸಿಗುತ್ತದೆ: 6ರ ಮೇಲೆ ಪ್ರತಿ ಒಂದು ಶೇಕಡಾಕ್ಕೆ ಕಿಲೋಗೆ 2 ರೂಪಾಯಿ. 6ಕ್ಕಿಂತ ಕೆಳಗಿದ್ದರೆ 1 ರೂಪಾಯಿ ಹೆಚ್ಚು ಕೊಡಬೇಕು. ಬರೀ ಕಡಿತ ಮಾಡುವ ಮಿಲ್ಲಿಗೆ ಒಳ್ಳೆ ಕೊಬ್ಬರಿ ಬಾರದು. "ಹೋದ ಸಲ ಹೀಗೆಲ್ಲ ನೋಡ್ಲಿಲ್ಲ ಅಲ್ವಾ" ಎನ್ನುವ ಕೃಷಿಕರಿಗೆ ಬೋರ್ಡು ತೋರಿಸಿ, ಅವರ ಎದುರೇ ತೂಗಿ, ಅಲ್ಲಿಯೇ ಹಣ ಕೊಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಗಂಧಕದ ಹೊಗೆ ಹಾಕಿದ ಬಿಳಿಬಿಳಿ ಕೊಬ್ಬರಿಯನ್ನೂ, ಹಳದಿ-ಹಸಿರು ಬೂಸ್ಟು ಹಿಡಿದದ್ದನ್ನೂ ಯಾವ ದರಕ್ಕೂ ತೆಗೆದುಕೊಳ್ಳುವುದಿಲ್ಲ. ಎರಡನೆಯದರಲ್ಲಿ ಅಫ್ಲಟಾಕ್ಸಿನ್ ಎಂಬ ಬೂಸ್ಟಿನ ವಿಷ ಇರುವ ಸಾಧ್ಯತೆ ಇದೆ, ಹಿಂಡಿ ತಿನ್ನುವ ಹಸುವಿನ ಹಾಲಿನವರೆಗೂ ಅದು ಹೋಗುತ್ತದೆ.

ಹಣ ಎಷ್ಟು ದಿನ ಸಿಕ್ಕಿಕೊಂಡಿರುತ್ತದೆ

ಎರಡನೆಯ ಸುತ್ತು ಗಿರಾಕಿಗಳದ್ದು. ಎಲ್ಲ ಮಾರಾಟವನ್ನೂ ಐದು ಕಂಬಗಳಾಗಿ ಬಿಡಿಸಿದೆವು: ಮಿಲ್ಲಿನ ಬಾಗಿಲಲ್ಲಿ ನಗದಿಗೆ ಹೋಗುವುದು, ಸುತ್ತಿನ ಅಂಗಡಿಗಳು, ಮಂಗಳೂರು ಕಡೆಯ ಸಗಟು ಟಿನ್ನು, ಸೂಪರ್‌ಮಾರ್ಕೆಟ್ಟಿನ ಬಾಟಲಿ, ಮತ್ತು ಕೃಷಿಕರು ತಮ್ಮದೇ ಕೊಬ್ಬರಿ ತಂದು ಕೂಲಿಗೆ ಆಡಿಸಿಕೊಂಡು ಹೋಗುವುದು. ಪ್ರತಿಯೊಂದಕ್ಕೂ ಕಿಲೋಗೆ ಲಾಭವೆಷ್ಟು, ಕೊಬ್ಬರಿಗೆ ಹಣ ಕೊಟ್ಟ ದಿನದಿಂದ ಎಣ್ಣೆಯ ಹಣ ಕೈಗೆ ಬರುವವರೆಗೆ ಎಷ್ಟು ದಿನ ಎಂದು ಬರೆಯಬೇಕು. ದಿನಗಳನ್ನು ನೆನಪಿನಿಂದ ಬರೆಯಬಾರದು, ಬ್ಯಾಂಕ್ ಪಾಸ್‌ಬುಕ್ಕಿನ ತಾರೀಕಿನಿಂದ ಬರೆಯಬೇಕು. "ಅವರು ತಿಂಗಳೊಳಗೆ ಕೊಡ್ತಾರೆ" ಎಂಬ ಗಿರಾಕಿಗಳಲ್ಲಿ ಹೆಚ್ಚಿನವರು ತಿಂಗಳೊಳಗೆ ಕೊಟ್ಟಿರುವುದಿಲ್ಲ.

ಒಂದು ಕಿಲೋ ಎಣ್ಣೆಯಲ್ಲಿ 310 ರೂಪಾಯಿ ಸಿಕ್ಕಿಕೊಂಡಿದೆ ಎನ್ನಿ. ವ್ಯಾಪಾರ ನಡೆಸಲು ಬ್ಯಾಂಕು ಕೊಡುವ ಕ್ಯಾಷ್ ಕ್ರೆಡಿಟ್ ಸಾಲದ ಬಡ್ಡಿ ವರ್ಷಕ್ಕೆ 10.5 ಶೇಕಡಾ ಆದರೆ ದಿನಕ್ಕೆ 9 ಪೈಸೆ. ಈ 9 ಪೈಸೆಯೇ ನಮ್ಮ ಇಡೀ ಯೋಜನೆಯ ಕೀಲಿಯಾಯಿತು.

ಸಗಟು ಟಿನ್ನಿಗೆ ಲಾಭ ಕಿಲೋಗೆ 6. ದಾಸ್ತಾನಿನ 10 ದಿನ, ಸಾಲದ 40 ದಿನ, ಒಟ್ಟು 50. ಬಡ್ಡಿಗೆ 4 ರೂಪಾಯಿ 50 ಪೈಸೆ ಹೋಗಿ ಉಳಿಯುವುದು ಒಂದೂವರೆ. ಎಣ್ಣೆ ಕಿಲೋಗೆ 180 ಇದ್ದ ಕಾಲದಲ್ಲಿ ದಿನಕ್ಕೆ 5 ಪೈಸೆಯಂತೆ ಎರಡೂವರೆ ರೂಪಾಯಿ ಬಡ್ಡಿ ಹೋಗಿ ಮೂರೂವರೆ ಉಳಿಯುತ್ತಿತ್ತು. ಗಿರಾಕಿ ಅವರೇ, ಮಾಲು ಅದೇ, ಲಾಭದ ದರವೂ ಅದೇ. ಬೆಲೆ ಏರಿದ್ದರಿಂದಲೇ ಆ ವ್ಯಾಪಾರ ಸೊರಗಿತ್ತು. ವಹಿವಾಟಿನಲ್ಲಿ ಅತಿ ದೊಡ್ಡ ಅಂಕಿ ಅವರದೇ ಆದದ್ದರಿಂದ ಯಾರಿಗೂ ಅದು ಕಾಣಿಸಿರಲಿಲ್ಲ.

ಸುತ್ತಿನ ಅಂಗಡಿ: ಲಾಭ 18, ದಿನ 30, ಉಳಿಕೆ 15ರ ಮೇಲೆ. ಬಾಗಿಲ ಮಾರಾಟ: ಲಾಭ 25, ದಿನ 10, ಉಳಿಕೆ 24. ಕೂಲಿಗೆ ಆಡಿಸುವುದು: ಕಿಲೋ ಕೊಬ್ಬರಿಗೆ 8 ತೆಗೆದುಕೊಂಡರೆ ಖರ್ಚು 5, ಉಳಿಕೆ 3. ಎಣ್ಣೆಯ ಲೆಕ್ಕದಲ್ಲಿ ಹೇಳುವುದಾದರೆ ಕಿಲೋಗೆ 5ರ ಹತ್ತಿರ. ನಮ್ಮ ಒಂದು ರೂಪಾಯಿಯೂ ಸಿಕ್ಕಿಕೊಂಡಿಲ್ಲ, ಬೆಲೆ ಬಿದ್ದರೆ ನಮಗೆ ನಷ್ಟವಿಲ್ಲ. "ಕೂಲಿ ಕೆಲಸ" ಎಂದು ಮೂಗು ಮುರಿಯುತ್ತಿದ್ದ ಕಂಬ ಸಗಟಿನ ಮೂರು ಪಟ್ಟು ಗಳಿಸುತ್ತಿದೆ.

ಬಾಟಲಿಯ ಕತೆ ಸ್ವಲ್ಪ ಬಿಡಿಸಿ ಹೇಳಬೇಕು. ಬೆಳೆಯಬೇಕೆನ್ನುವ ಪ್ರತಿ ಮಿಲ್ಲಿನ ಕಣ್ಣೂ ಅದರ ಮೇಲೆಯೇ ಇರುತ್ತದೆ. ಬಾಟಲಿ, ಮುಚ್ಚಳ, ಲೇಬಲ್, ರಟ್ಟಿನ ಪೆಟ್ಟಿಗೆಯ ಪಾಲು ಸೇರಿ ಕಿಲೋಗೆ 12 ಎಂದರೆ ಅಸಲು 326. ಸೂಪರ್‌ಮಾರ್ಕೆಟ್ಟಿಗೆ 366ಕ್ಕೆ ಕೊಟ್ಟರೆ ಲಾಭ 40, ಕೇಳಲು ಚೆಂದ. ಅವರು ಹತ್ತಕ್ಕೆ ಒಂದು ಉಚಿತ ಕೇಳುತ್ತಾರೆ. ಹತ್ತರ ಹಣ 3,660, ಹನ್ನೊಂದರ ಅಸಲು 3,586. ಉಳಿದ 74ನ್ನು ಹನ್ನೊಂದಕ್ಕೆ ಹಂಚಿದರೆ ಕಿಲೋಗೆ 6 ರೂಪಾಯಿ 70 ಪೈಸೆ. ದಾಸ್ತಾನು 25 ದಿನ, ಹಣ ಬರಲು 60 ದಿನ. 85 ದಿನದ ಬಡ್ಡಿ 7 ರೂಪಾಯಿ 65 ಪೈಸೆ. ಬಾಟಲಿ ಮಾರಿದಷ್ಟೂ ಕಿಲೋಗೆ ಸುಮಾರು ಒಂದು ರೂಪಾಯಿ ಕೈಯಿಂದ. ಸೋರಿ ವಾಪಸು ಬಂದದ್ದು, ಲೇಬಲ್ಲಿಗೆ ಎಣ್ಣೆ ಹಿಡಿದು ವಾಪಸು ಬಂದದ್ದು ಇದರಲ್ಲಿ ಸೇರಿಲ್ಲ. ಅದೇ ಬಾಟಲಿಯನ್ನು ಸುತ್ತಿನ ಅಂಗಡಿಗೆ ಉಚಿತದ ಗೊಡವೆಯಿಲ್ಲದೆ ಎರಡು ವಾರದ ಸಾಲಕ್ಕೆ ಕೊಟ್ಟರೆ ಚಿತ್ರವೇ ಬೇರೆ. ಹಾಗಾಗಿ ಬಾಟಲಿಯನ್ನು ಬಿಡಲಿಲ್ಲ. ಅದು ಹೋಗುವ ದಾರಿಯನ್ನು ಬದಲಿಸಿದೆವು.

ಗಡಿ ದಾಟುವ ಲೆಕ್ಕ

ಮಂಜೇಶ್ವರದವರಿಗೆ ಕಾಸರಗೋಡಿಗಿಂತ ಮಂಗಳೂರು ಹತ್ತಿರ. ಭಾಷೆ, ನೆಂಟಸ್ತಿಕೆ, ಆಸ್ಪತ್ರೆ ಎಲ್ಲ ಆ ಕಡೆ. ಆದರೆ ತೆರಿಗೆಯ ಕಣ್ಣಿಗೆ ಗಡಿಯ ತಲಪಾಡಿ ದಾಟಿದ ಟಿನ್ನು ಹೊರರಾಜ್ಯದ ಮಾರಾಟ. ಸಣ್ಣವರು ವಹಿವಾಟಿನ ಮೇಲೆ ಇಷ್ಟು ಶೇಕಡಾ ಎಂದು ಕಟ್ಟಿ ಮುಗಿಸುವ, ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರು ಹೊರರಾಜ್ಯಕ್ಕೆ ಮಾಲು ಮಾರುವಂತಿಲ್ಲ. ತೆರಿಗೆ ಬೀಳುವ ಮಾಲನ್ನು ಹೊರರಾಜ್ಯಕ್ಕೆ ಮಾರುವವರಿಗೆ 40 ಲಕ್ಷ ವಹಿವಾಟಿನವರೆಗೆ ನೋಂದಣಿ ಬೇಡವೆಂಬ ವಿನಾಯಿತಿಯೂ ಇಲ್ಲ, ಮೊದಲ ಟಿನ್ನಿನಿಂದಲೇ ನೋಂದಣಿ ಬೇಕು. ಉತ್ಪಾದಕರಿಗೆ 1 ಶೇಕಡಾ ತೆರಿಗೆ ಎಂದು ಕಾಂಪೊಸಿಷನ್ ಹಿಡಿದ ಸಣ್ಣ ಮಿಲ್ಲು, ಅಲ್ಲಿಗೆ ಮಂಗಳೂರಿನ ಬಾಗಿಲನ್ನು ತಾನೇ ಮುಚ್ಚಿಕೊಂಡಂತೆ. ನಮ್ಮ ಗಡಿಯ ಕಡೆ ದಿಕ್ಕು ನಿರ್ಧರಿಸುವುದೆಂದರೆ ಅರ್ಧ ಪಾಲು ಈ ಒಂದು ಪ್ರಶ್ನೆಯೇ: ಉತ್ತರಕ್ಕೆ ಮಾರುವುದೋ, ದಕ್ಷಿಣಕ್ಕೋ? ಎರಡೂ ಎನ್ನುವುದಾದರೆ ಮಾಮೂಲಿ ನೋಂದಣಿ, ಆಗಾಗ ರಿಟರ್ನು, ಅದಕ್ಕೊಬ್ಬ ಮನುಷ್ಯ.

ಮಾಲು ಸಾಗಿಸಲು ಆನ್‌ಲೈನಿನಲ್ಲಿ ಮಾಡಿಸಬೇಕಾದ ಇ-ವೇ ಬಿಲ್ಲಿನ ಮಿತಿ 50,000 ರೂಪಾಯಿ, ತೆರಿಗೆ ಸೇರಿ. ಕಿಲೋ 180 ಇದ್ದಾಗ 15 ಕಿಲೋದ ಹದಿನೇಳು ಟಿನ್ನು ಪಿಕಪ್ಪಿನಲ್ಲಿ ಬಿಲ್ಲೊಂದರ ಮೇಲೆ ಹೋಗುತ್ತಿತ್ತು. 310 ಆದಾಗ ಹತ್ತು ಟಿನ್ನಿಗೇ ಮಿತಿ ಮುಟ್ಟುತ್ತದೆ, ಹನ್ನೊಂದನೆಯದಕ್ಕೆ ಇ-ವೇ ಬಿಲ್ ಕಡ್ಡಾಯ. ಹಳೆಯ ಅಭ್ಯಾಸದಲ್ಲಿ ಹದಿನೈದು ಟಿನ್ನು ಹೇರಿ ಹೊರಟ ಡ್ರೈವರು ರಸ್ತೆಯಲ್ಲಿ ಸಿಕ್ಕಿಬಿದ್ದರೆ ದಂಡ ಆ ತಿಂಗಳ ಸಗಟು ಲಾಭವನ್ನೇ ನುಂಗುತ್ತದೆ.

ಸಾಲದ ದಿನಗಳಿಗೆ ಕಾನೂನಿನ ಬೆಂಬಲ ಇದೆ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿಯಲ್ಲಿ ಉತ್ಪಾದಕರೆಂದು ದಾಖಲಾದ ಕಿರು ಮತ್ತು ಸಣ್ಣ ಉದ್ಯಮಕ್ಕೆ, 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ 45 ದಿನದೊಳಗೆ ಹಣ ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದಾಯ ತೆರಿಗೆಯಲ್ಲೂ 2023-24ರ ಲೆಕ್ಕವರ್ಷದಿಂದ, ಈ ಅವಧಿ ಮೀರಿ ಬಾಕಿ ಉಳಿಸಿದ ಮೊತ್ತವನ್ನು ಕೊಳ್ಳುವವರು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಮಾರ್ಚ್ ತಿಂಗಳಲ್ಲಿ ದೊಡ್ಡ ವ್ಯಾಪಾರಿಗಳು ತಾವಾಗಿ ಫೋನು ಮಾಡಿ "ನೀವು ಎಂಎಸ್‌ಎಂಇಯಾ?" ಎಂದು ಕೇಳುವುದು ಇದಕ್ಕೇ. ಇದನ್ನು ಹಳೆ ಬಾಕಿ ವಸೂಲಿಗೆ ಬಳಸಲು ಹೋದರೆ ಹಣ ಬಂದೀತು, ಗಿರಾಕಿ ಹೋದಾರು. ನೋಂದಣಿ ಇಲ್ಲದ ಇನ್ನೊಂದು ಮಿಲ್ಲಿನಿಂದ ಮಾಲು ತರಿಸುತ್ತಾರೆ. ಹೊಸ ಖಾತೆ ತೆರೆಯುವ ದಿನವೇ 30 ದಿನ ಎಂದು ಬರೆದ ಒಂದು ಹಾಳೆಗೆ ಸಹಿ ಹಾಕಿಸಿ, ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸುವುದು ನಮಗೆ ಸರಿಯೆನಿಸಿತು. ಬರೀ ವ್ಯಾಪಾರಿ ಎಂದು ಉದ್ಯಮ್‌ನಲ್ಲಿ ದಾಖಲಾದವರಿಗೆ ಈ ರಕ್ಷಣೆ ಇಲ್ಲ. ಮಿಲ್ಲಿನ ಜತೆ ಅಂಗಡಿಯನ್ನೂ ನಡೆಸುವವರು ಚಟುವಟಿಕೆಯ ಕೋಡು ಯಾವುದು ಬಿದ್ದಿದೆ ಎಂದು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಬೇಡ ಎಂದ ಪಟ್ಟಿ

ಯೋಜನೆಯ ಹಾಳೆಯಲ್ಲಿ ಹೆಚ್ಚು ಜಗಳವಾದದ್ದು ಇಲ್ಲಿ. ಮಾಡಬೇಕಾದ್ದರ ಪಟ್ಟಿ ಎಲ್ಲರಿಗೂ ಹಿತ, ಬಿಡಬೇಕಾದ್ದರಲ್ಲಿ ಒಬ್ಬೊಬ್ಬರ ಆಸೆ ಇರುತ್ತದೆ.

ವರ್ಜಿನ್ ತೆಂಗಿನೆಣ್ಣೆ ಮೊದಲು ಹೋಯಿತು. ತಾಂತ್ರಿಕತೆ ದೂರದಲ್ಲಿಲ್ಲ. ಕಾಸರಗೋಡಿನ ಕೂಡ್ಲಿನಲ್ಲಿರುವ ಸಿಪಿಸಿಆರ್‌ಐ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ, ಅದನ್ನು ಕಲಿಸುತ್ತದೆ. ಆದರೆ ಅದು ಕೊಬ್ಬರಿಯದಲ್ಲ, ಹಸಿ ಕಾಯಿಯ ಹಾಲಿನ ಉದ್ಯಮ. ದಿನದ ಕಾಯಿ ದಿನವೇ ಆಗಬೇಕು, ಸ್ಟೀಲಿನ ಪಾತ್ರೆ, ಶುಚಿಯಾದ ಕೋಣೆ, ಬೇರೆಯೇ ಗಿರಾಕಿ. ಎಕ್ಸ್‌ಪೆಲ್ಲರಿಗೂ ಅದಕ್ಕೂ ಸಂಬಂಧವಿಲ್ಲ. ಎರಡು ಬೇರೆ ಉದ್ಯಮವನ್ನು ಒಂದೇ ಸಾಲದ ಮೇಲೆ ನಡೆಸುವಷ್ಟು ಜನ ನಮ್ಮಲ್ಲಿಲ್ಲ ಎಂದಾಯಿತು.

ತಲೆಗೆ ಹಚ್ಚುವ ಎಣ್ಣೆಯ ಸಣ್ಣ ಬಾಟಲಿ ಎರಡನೆಯದು. ಸಣ್ಣ ಪ್ಯಾಕಿನ ಶುದ್ಧ ತೆಂಗಿನೆಣ್ಣೆ ಅಡುಗೆಯದೋ ತಲೆಯದೋ ಎಂಬ ಹಳೆಯ ವ್ಯಾಜ್ಯ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿದಿದೆ: ಕೇಶತೈಲವೆಂದು ಬರೆದು ಹಾಗೆ ಮಾರದಿದ್ದರೆ ಸಣ್ಣ ಪ್ಯಾಕೂ ಖಾದ್ಯ ತೈಲವೇ. 2025ರ ಸೆಪ್ಟೆಂಬರ್ 22ರಿಂದ ಕೇಶತೈಲದ ತೆರಿಗೆಯೂ 18ರಿಂದ 5ಕ್ಕೆ ಇಳಿದು ತೆರಿಗೆಯ ಅಂತರ ಹೋಯಿತು. ಆದರೆ ಲೇಬಲ್ಲಿನ ಮೇಲೆ ಕೂದಲಿನ ಮಾತು ಬರೆದ ಕೂಡಲೇ ಸೌಂದರ್ಯವರ್ಧಕದ ಲೈಸೆನ್ಸು ಬೇಕಾಗುತ್ತದೆ. ಅಡುಗೆ ಎಣ್ಣೆ ಎಂದೇ ಮಾರೋಣ, ಹಚ್ಚುವವರು ಹಚ್ಚಿಕೊಳ್ಳಲಿ ಎಂದು ಬಿಟ್ಟೆವು.

ಮೂರನೆಯದು ದಾಸ್ತಾನಿನ ಜೂಜು. ಬೇಸಿಗೆಯಲ್ಲಿ ಕೊಬ್ಬರಿ ತುಂಬಿಟ್ಟು ಓಣಂ ಹೊತ್ತಿಗೆ ಏರಿದ ಬೆಲೆಗೆ ಮಾರುವುದು ಈ ಕಡೆಯ ಹಳೆಯ ಆಸೆ, ಒಂದೆರಡು ವರ್ಷ ಫಲಿಸಿಯೂ ಇದೆ. ಇಳಿದರೆ ಎಷ್ಟು ಇಳಿಯಬಹುದು ಎಂದು ಅಳೆಯಲು ಕೇಂದ್ರದ ಬೆಂಬಲ ಬೆಲೆಯನ್ನು ತಳವೆಂದು ಹಿಡಿದೆವು. 2025ರ ಹಂಗಾಮಿಗೆ ಆಡಿಸುವ ಕೊಬ್ಬರಿಗೆ ಕ್ವಿಂಟಾಲಿಗೆ 11,582 ರೂಪಾಯಿ. 200ಕ್ಕೆ ಕೊಂಡ 5 ಟನ್ನು ಗೋದಾಮಿನಲ್ಲಿದ್ದು ಬೆಲೆ ಅಲ್ಲಿಗೆ ಬಂದರೆ ನಷ್ಟ 4 ಲಕ್ಷ 20 ಸಾವಿರ. ಅಷ್ಟು ಇಳಿಯುತ್ತದೆ ಎಂದಲ್ಲ. ಇಳಿದರೆ ಮಿಲ್ಲು ಉಳಿದೀತೇ ಎಂಬುದು ಪ್ರಶ್ನೆ. ಜತೆಗೆ ಮಳೆಗಾಲದಲ್ಲಿ ಗೋಣಿಯೊಳಗೆ ತೇವ ಏರುತ್ತದೆ, ಹುಳ ಬೀಳುತ್ತದೆ, ಎಣ್ಣೆಯ ಆಮ್ಲತೆ ಹೆಚ್ಚುತ್ತದೆ. ಕೈಯಲ್ಲಿ ಆರ್ಡರು ಇರುವಷ್ಟು, ಇಲ್ಲವೇ ಹನ್ನೆರಡು ದಿನ ಆಡಿಸುವಷ್ಟು, ಇದರಲ್ಲಿ ಯಾವುದು ಕಡಿಮೆಯೋ ಅಷ್ಟೇ ದಾಸ್ತಾನು ಎಂದು ಬರೆದಿಟ್ಟೆವು.

ಬ್ಯಾಂಕಿನ ಲಿಮಿಟ್ ಏರಿಸುವುದನ್ನೂ ಇದೇ ಕಾರಣಕ್ಕೆ ಮುಂದೂಡಿದೆವು. 5 ಕೋಟಿಯವರೆಗಿನ ಲಿಮಿಟ್ಟಿಗೆ ಬ್ಯಾಂಕುಗಳು ಅಂದಾಜು ವಹಿವಾಟಿನ 20 ಶೇಕಡಾ ದುಡಿಯುವ ಬಂಡವಾಳ ಕೊಡುವ ಕ್ರಮವಿದೆ. ವಹಿವಾಟು ಬೆಲೆಯಿಂದ ಉಬ್ಬಿದ್ದರೆ ಸಾಲವೂ ಉಬ್ಬುತ್ತದೆ. ಬೆಲೆ ಇಳಿದ ತಿಂಗಳು ದಾಸ್ತಾನು ಪಟ್ಟಿ ಕೊಟ್ಟಾಗ ಡ್ರಾಯಿಂಗ್ ಪವರ್, ಅಂದರೆ ದಾಸ್ತಾನು ಮತ್ತು ಬಾಕಿಯ ಮೇಲೆ ತೆಗೆಯಬಹುದಾದ ಮೊತ್ತ, ತಟ್ಟನೆ ಕುಗ್ಗುತ್ತದೆ, ತೆಗೆದ ಹಣ ಹಾಗೆಯೇ ಇರುತ್ತದೆ, ಖಾತೆ ಕೆಂಪಾಗುತ್ತದೆ. ಗಿರಾಕಿಗಳಿಂದ ಬರಬೇಕಾದ, 90 ದಿನ ದಾಟಿದ ಬಾಕಿಯನ್ನು ಬ್ಯಾಂಕು ಸಾಮಾನ್ಯವಾಗಿ ಈ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೌದು ಎಂದದ್ದು

ಒಂದು ಹಾಳೆ, ಕನ್ನಡದಲ್ಲಿ, ಗೋಡೆಗೆ ಅಂಟಿಸಿದ್ದು. ಅದರಲ್ಲಿ ರೂಪಾಯಿಯ ಗುರಿ ಇಲ್ಲ. ಕೂಲಿಗೆ ಆಡಿಸುವುದನ್ನು ಮೂರು ವರ್ಷದಲ್ಲಿ ಇಮ್ಮಡಿ ಮಾಡುವುದು. ಸಗಟು ಟಿನ್ನನ್ನು ಅರ್ಧಕ್ಕೆ ಇಳಿಸಿ, ಉಳಿದವರಿಗೆ ಮುಂಗಡ ಅಥವಾ 15 ದಿನ. ಕುಂಬಳೆಯಿಂದ ಮುಳ್ಳೇರಿಯದವರೆಗಿನ ಅಂಗಡಿಗಳಿಗೆ ವಾರಕ್ಕೊಮ್ಮೆ ಗಾಡಿ.

ಕೂಲಿ ಕೆಲಸ ಹೆಚ್ಚಿಸುವುದೆಂದರೆ ಬೋರ್ಡು ಹಾಕುವುದಲ್ಲ. 40 ಕಿಲೋ ಕೊಬ್ಬರಿ ತಂದವರಿಗೆ ತಮ್ಮ ಕೊಬ್ಬರಿಯ ಎಣ್ಣೆಯೇ ಬೇಕು, ಬೇರೆಯವರದ್ದು ಬೆರೆಯಬಾರದು. ಹಿಂದಿನ ಸರದಿಯ ಎಣ್ಣೆ ಚೇಂಬರಿನಲ್ಲಿ ಉಳಿದಿರುತ್ತದೆ. ಹಾಗಾಗಿ ಒಂದು ಎಕ್ಸ್‌ಪೆಲ್ಲರನ್ನು ಅದಕ್ಕೇ ಮೀಸಲಿಟ್ಟು, ಸರದಿಯ ದಿನ ಮೊದಲೇ ಹೇಳಿ, ತಂದವರೆದುರು ಕೊಬ್ಬರಿ, ಎಣ್ಣೆ, ಹಿಂಡಿ ಮೂರನ್ನೂ ತೂಗಿ ಚೀಟಿ ಕೊಡುವುದು ಎಂದಾಯಿತು. "ನಮ್ಮ ಕೊಬ್ಬರಿಗೆ ಇಷ್ಟೇನಾ ಎಣ್ಣೆ?" ಎಂಬ ಪ್ರಶ್ನೆಗೆ ಆ ಚೀಟಿಯಲ್ಲಿ ತೇವದ ಅಂಕಿಯೂ ಇದ್ದರೆ ಉತ್ತರ ಸಿಗುತ್ತದೆ. ಮಳೆಗಾಲದಲ್ಲಿ ಡ್ರಯರಿನಲ್ಲಿ ಒಣಗಿಸಿ ಕೊಡುವುದಕ್ಕೆ ಬೇರೆ ಕೂಲಿ. ಇದಕ್ಕೇ ಹೆಚ್ಚು ಜನ ಬರುತ್ತಾರೆ ಎಂಬುದು ನಮ್ಮ ಎಣಿಕೆ, ಹೊಗೆಗೂಡಿನ ವಾಸನೆ ಯಾರಿಗೂ ಬೇಡ.

ಬಾಟಲಿಗೆ ಲೇಬಲ್ ಇಂಗ್ಲಿಷ್, ಕನ್ನಡ, ಮಲಯಾಳ ಮೂರರಲ್ಲಿ. ಆಹಾರದ ನಿಯಮಕ್ಕೆ ಇಂಗ್ಲಿಷ್ ಅಥವಾ ಹಿಂದಿ ಬೇಕು, ಉಳಿದೆರಡು ಮಾರುಕಟ್ಟೆಗೆ. ನಿವ್ವಳ ಪ್ರಮಾಣ ಲೀಟರ್ ಮತ್ತು ಗ್ರಾಂ ಎರಡರಲ್ಲೂ ಇರಬೇಕು. 2018ರಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ ಕಲಬೆರಕೆಯ ಕಾರಣಕ್ಕೆ ಒಂದೇ ಆದೇಶದಲ್ಲಿ 74 ತೆಂಗಿನೆಣ್ಣೆ ಬ್ರಾಂಡುಗಳನ್ನು ನಿಷೇಧಿಸಿತ್ತು. ಹೊಸ ಹೆಸರಿನ ಬಾಟಲಿಯನ್ನು ಜನ ತಿರುಗಿಸಿ ನೋಡುತ್ತಾರೆ. ಕಲಬೆರಕೆ ಪತ್ತೆಗೆ ಪ್ರಯೋಗಾಲಯದಲ್ಲಿ ನೋಡುವ ಅಯೋಡಿನ್ ಮೌಲ್ಯ 7.5ರಿಂದ 10ರೊಳಗೆ ಇರಬೇಕು; ಪಾಮೋಲಿನ್ (ತಾಳೆ ಎಣ್ಣೆ) ಬೆರೆತರೆ ಅದು ಏರುತ್ತದೆ. ಪ್ರತಿ ದೊಡ್ಡ ಬ್ಯಾಚಿನ ವರದಿ ಅಂಗಡಿಯವರ ಕೈಯಲ್ಲಿದ್ದರೆ ಉಚಿತದ ಮಾತಿಗಿಂತ ಅದು ಹೆಚ್ಚು ಮಾರುತ್ತದೆ.

ಗಾಡಿಯಲ್ಲಿ ಹೋಗುವವರ ಕಮಿಷನ್ನು ಬಿಲ್ಲಿನ ಮೊತ್ತದ ಮೇಲೆ ಕೊಟ್ಟರೆ ಅವರು ಸಾಲ ಕೊಟ್ಟು ಬರುತ್ತಾರೆ. ಹಣ ಬಂದ ಕಿಲೋಗಳ ಮೇಲೆ ಕೊಡಬೇಕು.

ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗುವುದು ಈ ಹಾಳೆ ತಯಾರಾದ ಮೇಲೆ. ಕಿರು ಆಹಾರ ಉದ್ಯಮಗಳಿಗಿರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲದ ಜತೆ 35 ಶೇಕಡಾ, ಗರಿಷ್ಠ 10 ಲಕ್ಷ ಸಹಾಯಧನವಿದೆ. ಹೋಗುವ ಮೊದಲು ಯೋಜನೆ ಚಾಲ್ತಿಯಲ್ಲಿದೆಯೇ ಎಂದು ಕೇಳಿಕೊಳ್ಳಬೇಕು. ಸಹಾಯಧನ ಸಿಗುತ್ತದೆಂದು ಮೆಷಿನು ಆರಿಸಿದರೆ ಉಳಿದ 65 ಶೇಕಡಾ ನಮ್ಮದೇ ಹೊರೆ. ನಮ್ಮ ಹಾಳೆಗೆ ಹೊಂದುವುದು ಡ್ರಯರು, ಅದಕ್ಕೇ ಅರ್ಜಿ. ಆನ್‌ಲೈನ್ ಅರ್ಜಿಗಳು ಇಂಗ್ಲಿಷಿನಲ್ಲಿ ಇರುತ್ತವೆ. ಕಚೇರಿಗೆ ಪತ್ರವನ್ನು ಕನ್ನಡದಲ್ಲೇ ಬರೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಕಾಲದಿಂದ ಇಲ್ಲಿನವರಿಗೆ ಇದೆ. ಬೇಗ ಕೆಲಸವಾಗಬೇಕಾದರೆ ಜತೆಗೆ ಒಂದು ಇಂಗ್ಲಿಷ್ ಪ್ರತಿ ಇಟ್ಟರೆ ಒಳ್ಳೆಯದು, ಹಕ್ಕಿನ ಮಾತು ಬೇರೆ.

ಪ್ರತಿ ತಿಂಗಳ ಮೊದಲ ವಾರ ಬೋರ್ಡಿನಲ್ಲಿ ನಾಲ್ಕು ಅಂಕಿ: ಆಡಿಸಿದ ಕಿಲೋ, ಎಣ್ಣೆಯ ಶೇಕಡಾ, ಬಾಕಿಯ ದಿನಗಳ ಸರಾಸರಿ, ಕೂಲಿಗೆ ಬಂದ ಕಿಲೋ. ನಡುವೆ ಯಾರು ಏನೇ ಹೊಸ ಸಲಹೆ ತಂದರೂ ಓಣಂ ಮುಗಿದ ಬಳಿಕದ ವಾರ್ಷಿಕ ಕೂಟಕ್ಕೆ ಎತ್ತಿಡುವುದು. ನೆಂಟರ ಅಂಗಡಿಯ ಸಾಲವೂ ಅದೇ 30 ದಿನ. ಇದೊಂದು ನಿಯಮ ಮುರಿದಷ್ಟು ಬೇಗ ಬೇರೆ ಯಾವುದೂ ಮುರಿಯುವುದಿಲ್ಲವಾದ್ದರಿಂದ ಆ ಬಾಕಿಯ ಪಟ್ಟಿಯನ್ನು ನೋಡಿಕೊಳ್ಳುವ ಕೆಲಸ ಆ ನೆಂಟರ ಕಡೆಯವರಲ್ಲದ ಪಾಲುದಾರರದ್ದು.

ಮೂರನೆಯ ಎಕ್ಸ್‌ಪೆಲ್ಲರಿನ ಪ್ರಶ್ನೆ ಕೊನೆಗೆ ಬಂತು, ಅದಕ್ಕೂ ಷರತ್ತು ಬರೆದಿದೆ. ಈಗಿರುವ ಎರಡೂ ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ಓಡುವ ತಿಂಗಳು ಸಾಲಾಗಿ ನಾಲ್ಕು ಬರಬೇಕು, ಬಾಕಿಯ ಸರಾಸರಿ 25 ದಿನದ ಕೆಳಗಿರಬೇಕು, ಎಣ್ಣೆ 62 ಶೇಕಡಾ ತಪ್ಪಿರಬಾರದು. ಗಂಟೆಗಳನ್ನು ಬರೆದು ನೋಡಿದಾಗ ಸದ್ಯಕ್ಕೆ ಕೆಲಸ ನಿಲ್ಲುತ್ತಿರುವುದು ಎಕ್ಸ್‌ಪೆಲ್ಲರಿನಲ್ಲಿ ಅಲ್ಲ, ಫಿಲ್ಟರ್ ಪ್ರೆಸ್ಸಿನಲ್ಲಿ. ಮಡ್ಡಿ ಕಟ್ಟಿದ ಬಟ್ಟೆ ತೊಳೆದು ಒಣಗುವವರೆಗೆ ಎಣ್ಣೆ ಟ್ಯಾಂಕಿನಲ್ಲೇ ಕಾಯುತ್ತದೆ. ಈ ವರ್ಷದ ಮೆಷಿನರಿ ಖರ್ಚು ಹಾಗಾಗಿ ಇನ್ನೊಂದು ಸೆಟ್ ಫಿಲ್ಟರ್ ಬಟ್ಟೆ, ತಳ ಇಳಿಯಲು ಬಿಡುವ ಒಂದು ಸ್ಟೀಲ್ ಟ್ಯಾಂಕು, ಮತ್ತು ಡ್ರಯರು.